ಅಳತೆ ಪುಸ್ತಕದ ಚುಕ್ಕೆಗಳು

ದರ್ಜಿಯ ಮಗಳು ಓದುವುದನ್ನು ಕಲಿತದ್ದು ಅಂಗಿಯ ತೋಳುಗಳಿಂದ. ಹೊಸ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅವಳ ಅಪ್ಪ ಹಳೆಯ ಪತ್ರಿಕೆಯ ಹಾಳೆಯ ಮೇಲೆ ಗುರುತು ಮಾಡಿಕೊಂಡು, ಕಾಗದದಲ್ಲೇ ಒಮ್ಮೆ ಅಂಗಿಯನ್ನು ಕತ್ತರಿಸಿ ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ ಆ ಕಾಗದದ ತೋಳು, ಕೊರಳುಪಟ್ಟಿ, ಬೆನ್ನುಗಳೆಲ್ಲ ಗೋಡೆಯ ಮೊಳೆಗೆ ತೂಗುಬೀಳುತ್ತಿದ್ದವು. ಮೇಜಿನ ಕೆಳಗೆ ಬಟ್ಟೆಯ ಚೂರುಗಳ ನಡುವೆ ಕುಳಿತ ಐದು ವರ್ಷದ ಹುಡುಗಿ ಅವನ್ನು ಒಂದೊಂದಾಗಿ ಇಳಿಸಿಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದಳು. ಆದರೆ ಯಾವ ಸುದ್ದಿಯೂ ಅವಳಿಗೆ ಪೂರ್ತಿಯಾಗಿ ದಕ್ಕುತ್ತಿರಲಿಲ್ಲ. ಸೇತುವೆ ಕುಸಿದ ಸುದ್ದಿ ಕಂಕುಳಿನ ತಿರುವಿನಲ್ಲಿ ಕಡಿದುಹೋಗುತ್ತಿತ್ತು. ಕಾಣೆಯಾದ ಹಡಗು ದಡ ಸೇರಿತೋ ಇಲ್ಲವೋ ಎಂಬುದು ಕೊರಳಿನ ದುಂಡು ಕಿಂಡಿಯೊಳಗೆ ಮುಳುಗಿಹೋಗುತ್ತಿತ್ತು.

"ಅಪ್ಪಾ, ಆಮೇಲೆ ಏನಾಯ್ತು?"

"ಆಮೇಲಿನದು ಕಸದ ಬುಟ್ಟೀಲಿದೆ ಮಗಳೇ, ಹುಡುಕ್ಕೋ."

ಅಪ್ಪ ಅಂದದ್ದು ತಮಾಷೆಗೆ. ಮಗಳು ನಿಜಕ್ಕೂ ಬುಟ್ಟಿಗೆ ಕೈಹಾಕಿ, ದಾರದ ಸಿಕ್ಕುಗಳಿಂದ ಹಾಳೆಯ ಚೂರುಗಳನ್ನು ಬಿಡಿಸಿ, ನೆಲದ ಮೇಲೆ ಹೊಂದಿಸಿ ಹೊಂದಿಸಿ ಹಡಗನ್ನು ದಡ ಮುಟ್ಟಿಸದೆ ಊಟಕ್ಕೆ ಏಳುತ್ತಿರಲಿಲ್ಲ. ದೇವರು ಕೆಲವರಿಗೆ ಹಸಿವನ್ನು ಹೊಟ್ಟೆಯಲ್ಲಿ ಇಡುತ್ತಾನೆ, ಕೆಲವರಿಗೆ ಕಣ್ಣಿನಲ್ಲಿ ಇಡುತ್ತಾನೆ. ಈ ಹುಡುಗಿಗೆ ಎರಡು ಕಡೆಯೂ ಇಟ್ಟಿದ್ದ. ಕಣ್ಣಿನದಕ್ಕೆ ಮಾತ್ರ ಮೊದಲ ಮಣೆ.

ಅವರ ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಕತ್ತರಿಸುವ ಉದ್ದನೆಯ ಮೇಜು, ಗಿರಾಕಿಗಳಿಗೆ ಒಂದು ಬೆಂಚು. ಗೋಡೆಯ ಹಲಗೆಯ ಮೇಲೆ ಒಂಬತ್ತು ಅಳತೆ ಪುಸ್ತಕಗಳು. ನೂಲಿನ ಗಿರಣಿಯ ಹಿಂದಿನ ಆ ಬೀದಿಯಲ್ಲಿ ನಲವತ್ತು ವರ್ಷಗಳಲ್ಲಿ ಯಾರ್ಯಾರು ಬಟ್ಟೆ ಹೊಲಿಸಿದ್ದರೋ ಅವರೆಲ್ಲರ ಹೆಸರು, ವಯಸ್ಸು, ಉದ್ದ, ಎದೆ, ತೋಳು ಅವುಗಳಲ್ಲಿ ಪೆನ್ಸಿಲಿನಿಂದ ದಾಖಲಾಗಿದ್ದವು. ಪ್ರತಿದಿನ ಬೆಳಿಗ್ಗೆ ದರ್ಜಿ ಕತ್ತರಿಯನ್ನು ಕಣ್ಣಿಗೊತ್ತಿಕೊಂಡು ಒಂದೇ ಒಂದು ಪ್ರಾರ್ಥನೆ ಮಾಡುತ್ತಿದ್ದರು: "ದೇವರೇ, ನನ್ನ ಕೈಯಿಂದ ಯಾರ ಬಟ್ಟೆಯೂ ಕೆಡದಿರಲಿ." ಅಷ್ಟು ಸಣ್ಣ ಪ್ರಾರ್ಥನೆಯನ್ನು ಅಷ್ಟು ದೊಡ್ಡ ಮನಸ್ಸಿನಿಂದ ಮಾಡುವವರು ವಿರಳ.

ಕಿಟಕಿಯ ಪಕ್ಕದ ಚಾಪೆ ದರ್ಜಿಯ ಅಕ್ಕನದು, ಎಂದರೆ ಹುಡುಗಿಯ ಸೋದರತ್ತೆಯದು. ಗುಂಡಿ ಹಾಕುವುದು, ಗುಂಡಿಯ ತೂತಿಗೆ ಕಾಜಾ ಹೊಲಿಯುವುದು, ಅಂಚು ಮಡಚುವುದು ಅವಳ ಪಾಲಿನ ಕೆಲಸ. ಅತ್ತೆಗೆ ಅಕ್ಷರ ಬಾರದು, ಮಾತಿಗೆ ಬರವಿಲ್ಲ. ಬೆಳಿಗ್ಗೆ ಕೆಲಸಕ್ಕೆ ಕುಳಿತೊಡನೆ ಅಳತೆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಪುಟವನ್ನು ಮಗುಚಿ, ಅದರ ಬೆನ್ನನ್ನು ತೋರುಬೆರಳಿನಿಂದ ಮೆಲ್ಲಗೆ ಸವರುವುದು ಅವಳ ರೂಢಿ. ಓದು ಬಾರದವಳ ಆಸೆ ಪಾಪ, ಎಂದುಕೊಂಡ ಹುಡುಗಿ ಒಮ್ಮೆ ಸ್ಲೇಟು ಹಿಡಿದುಕೊಂಡು ಹೋಗಿ, "ಅತ್ತೆ, ಅಕ್ಷರ ಹೇಳ್ಕೊಡ್ಲಾ?" ಎಂದು ಕೇಳಿದ್ದಳು.

"ನನಗೆ ಬೇಕಾದ್ದು ನನಗೆ ಬರುತ್ತೆ ಕಣೇ ಪುಸ್ತಕದಮ್ಮ. ನಿನಗೆ ಬೇಕಾದ್ದು ನೀನು ಓದ್ಕೋ" ಎಂದಿದ್ದಳು ಅತ್ತೆ, ಸೂಜಿಗೆ ದಾರ ಪೋಣಿಸುತ್ತ. ಪುಸ್ತಕದಮ್ಮ ಎಂಬ ಹೆಸರು ಅಂದಿನಿಂದ ಹುಡುಗಿಗೆ ಅಂಟಿಕೊಂಡಿತು.

ಹೀಗೆ ಬೆಳೆದವಳು ಇತಿಹಾಸವನ್ನಲ್ಲದೆ ಇನ್ನೇನನ್ನು ಓದಿಯಾಳು? ಸ್ನಾತಕೋತ್ತರ ತರಗತಿಯ ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಪ್ರಬಂಧ ಬರೆಯಬೇಕಿತ್ತು. ಸಹಪಾಠಿಗಳು ಕೋಟೆಗಳನ್ನೂ ಒಪ್ಪಂದಗಳನ್ನೂ ಹಂಚಿಕೊಂಡರು. ಅವಳ ಸರದಿ ಬಂದಾಗ ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡಿದರು.

"ನಿನಗೆ ಯಾವ ರಾಜ ಬೇಕಮ್ಮ?"

"ರಾಜ ಬೇಡ ಸರ್. ನಮ್ಮ ಬೀದಿ ಬೇಕು."

"ಬೀದಿಗೆ ಇತಿಹಾಸ ಇರುತ್ತೆ, ಒಪ್ಪಿದೆ. ದಾಖಲೆ ಎಲ್ಲಿರುತ್ತೆ?"

"ನಮ್ಮ ಅಂಗಡಿ ಹಲಗೆ ಮೇಲೆ ಸರ್. ಒಂಬತ್ತು ಪುಸ್ತಕ."

ಮೇಷ್ಟ್ರು ನಗಲಿಲ್ಲ. ಅವರು ಕಟ್ಟುನಿಟ್ಟಿನ ಮನುಷ್ಯರಾದರೂ ಹೊಸದನ್ನು ಕಂಡರೆ ಕಿವಿ ನಿಮಿರಿಸುವ ಜಾತಿ. ಒಪ್ಪಿಕೊಂಡರು, ಒಂದು ಕಟ್ಟಳೆಯನ್ನೂ ಹಾಕಿದರು. "ಹೆಸರು ಬಿಡು, ಅಂಕಿ ಹಿಡಿ. ಹೆಸರು ಬಂದ ಕಡೆ ಕಣ್ಣೀರು ಬರುತ್ತೆ, ಕಣ್ಣೀರು ಬಂದ ಕಡೆ ಲೆಕ್ಕ ತಪ್ಪುತ್ತೆ."

ಏಳು ತಿಂಗಳು ಅವಳು ಅಂಕಿ ಹಿಡಿದಳು. ಮಕ್ಕಳ ಸಾಲುಗಳನ್ನಷ್ಟೇ ಆರಿಸಿಕೊಂಡು, ಬಾಲಕ ಎಂಟು ವರ್ಷ, ಬಾಲಕಿ ಐದು ವರ್ಷ ಎಂದು ನಾಲ್ಕು ಸಾವಿರಕ್ಕೂ ಹೆಚ್ಚು ಸಾಲುಗಳನ್ನು ನಕಲು ಮಾಡಿದಳು. ಪೆಟ್ರೋಮ್ಯಾಕ್ಸಿನ ಸುತ್ತ ಹುಳು ಸುತ್ತಿದ ಹಾಗೆ ಆ ಪುಸ್ತಕಗಳ ಸುತ್ತ ಸುತ್ತಿದಳು. ಹಲವು ಅಂಕಿಗಳ ಪಕ್ಕದಲ್ಲಿ ಒಂದೋ ಎರಡೋ ನಾಲ್ಕೋ ಪೆನ್ಸಿಲ್ ಚುಕ್ಕೆಗಳಿದ್ದವು. ಯೋಚಿಸುವಾಗ ಪೆನ್ಸಿಲಿನ ತುದಿಯನ್ನು ಕುಟ್ಟುವುದು ಅಪ್ಪನ ಅಭ್ಯಾಸವೆಂದು ಅವಳಿಗೆ ಗೊತ್ತಿತ್ತು. ಆದುದರಿಂದ ಪ್ರಬಂಧದ ಹನ್ನೊಂದನೆಯ ಪುಟದಲ್ಲಿ ಒಂದು ಅಡಿಟಿಪ್ಪಣಿ ಬರೆದಳು: "ಅಲ್ಲಲ್ಲಿ ಕಾಣುವ ಚುಕ್ಕೆಗಳು ಬರೆದವರ ಅಭ್ಯಾಸಬಲದಿಂದ ಬಿದ್ದವು. ಅವುಗಳಿಗೆ ಅರ್ಥವಿಲ್ಲ."

ಅಂಕಿಗಳು ಹೇಳಿದ ಸಂಗತಿ ಬೆರಗು ಹುಟ್ಟಿಸುವಂಥದು. ಇಪ್ಪತ್ತೈದು ವರ್ಷಗಳ ಹಿಂದೆ ಗಿರಣಿ ಎರಡು ವರ್ಷ ನಿಂತುಹೋಗಿತ್ತು. ಆ ಕಾಲವನ್ನು ಹಸಿವಿನ ಕಾಲವೆಂದು ಹಿರಿಯರೆಲ್ಲ ಹೇಳುತ್ತಿದ್ದರು. ಆದರೆ ಅಳತೆ ಪುಸ್ತಕದಲ್ಲಿ ಅದೇ ಎರಡು ವರ್ಷ ಬೀದಿಯ ಮಕ್ಕಳ ಬಟ್ಟೆಯ ಉದ್ದ ಸರಾಸರಿ ಎರಡು ಅಂಗುಲ ಏರಿತ್ತು! ಹಾಗಾದರೆ ಮಕ್ಕಳು ಚೆನ್ನಾಗಿಯೇ ಬೆಳೆದರು. ಹಿರಿಯರ ನೆನಪು ಕಷ್ಟವನ್ನು ಹಿಗ್ಗಿಸಿತು. ಮೇಷ್ಟ್ರು ಓದಿ ಹಿಗ್ಗಿದರು. "ಇದು ಪ್ರಕಟವಾಗಬೇಕಾದ ಮಾತು" ಎಂದರು. ಆ ವರ್ಷ ಸಂಶೋಧನೆಗೆ ವಿಭಾಗದಲ್ಲಿ ಇದ್ದದ್ದು ಎರಡೇ ಜಾಗ. ಪ್ರಬಂಧ ಗಡುವಿನೊಳಗೆ ಕಚೇರಿ ಸೇರಿದರೆ ಒಂದು ಅವಳದೇ ಎಂಬ ಭರವಸೆಯನ್ನೂ ಕೊಟ್ಟರು. ಬಾಲ್ಯದಿಂದ ಅವಳು ಬಯಸಿದ್ದು ಅದೊಂದನ್ನೇ: ದಿನವಿಡೀ ಓದುವುದೇ ಕೆಲಸವಾಗಿರುವ ಒಂದು ಬದುಕು.

ಗಡುವಿಗೆ ಹನ್ನೆರಡು ದಿನ ಉಳಿದಿದ್ದಾಗ ಬಸ್ಸಿನ ಕಂಡಕ್ಟರ್ ಅಂಗಡಿಗೆ ಬಂದ. ಬೀದಿಯವರಿಗೆಲ್ಲ ಅವನು ರೈಟಣ್ಣ. ಕೆಲಸದ ಮೇಲೆ ಇಲ್ಲದಾಗಲೂ ಮಾತು ಮುಗಿಸುವಾಗ "ರೈಟ್ ರೈಟ್" ಎನ್ನುವುದು ಅವನಿಂದ ತಪ್ಪುತ್ತಿರಲಿಲ್ಲ. ಕೈಯಲ್ಲಿ ಮಾಸಲು ನೀಲಿ ಬಣ್ಣದ ಒಂದು ಹಳೆಯ ಅಂಗಿ.

"ಟೈಲರ್ ಮಾಮ, ನಿಮ್ಮ ಕೈಯ ಅಂಗೀನೇ ಇದು. ನಮ್ಮಮ್ಮ ಪೆಟ್ಟಿಗೇಲಿ ಇಟ್ಟಿದ್ಲು. ನನ್ನ ಮಗ ಶಾಲೆ ನಾಟಕದಲ್ಲಿ ಹಳೇ ಕಾಲದ ಹುಡುಗ ಆಗ್ತಾನಂತೆ. ಸ್ವಲ್ಪ ಸರಿಮಾಡಿಕೊಡಿ."

"ಇಪ್ಪತ್ತೈದು ವರ್ಷಕ್ಕೇ ಹಳೇ ಕಾಲ ಆಗೋಯ್ತೇನೋ?" ಚಾಪೆಯಿಂದ ಅತ್ತೆ ಕೇಳಿದಳು. "ಹಾಗಾದ್ರೆ ನಾನು ಯಾವ ಕಾಲದವಳೋ?"

"ನಿಮಗೆ ಕಾಲ ಎಲ್ಲಿದೆ ಅತ್ತೆ? ನಿಮಗಿರೋದು ಬಾಯಿ ಮಾತ್ರ."

"ಬಸ್ಸಲ್ಲಿ ಕಿರುಚೋನು ನನ್ನ ಬಾಯಿ ಬಗ್ಗೆ ಮಾತಾಡ್ತಾನೆ, ನೋಡಿ!"

ಮೇಜಿನ ತುದಿಯಲ್ಲಿ ಪ್ರಬಂಧದ ಅಚ್ಚುಪ್ರತಿ ತಿದ್ದುತ್ತಿದ್ದ ದರ್ಜಿಯ ಮಗಳು ನಗುತ್ತ ಎದ್ದಳು. ಆ ನೀಲಿ ಬಟ್ಟೆ ಗಿರಣಿ ನಿಂತ ವರ್ಷದ್ದು. ನಾಲ್ಕನೆಯ ಅಳತೆ ಪುಸ್ತಕವನ್ನು ಇಳಿಸಿ, ರೈಟಣ್ಣನ ಸಾಲನ್ನು ಕ್ಷಣದಲ್ಲಿ ಹುಡುಕಿದಳು.

"ರೈಟಣ್ಣ, ಒಂಬತ್ತು ವರ್ಷಕ್ಕೆ ನಿನ್ನ ಅಂಗಿ ಉದ್ದ ಇಪ್ಪತ್ತೈದು ಇಂಚು! ಆ ವರ್ಷ ನಿನ್ನ ವಯಸ್ಸಿನವರಲ್ಲಿ ನೀನೇ ಎತ್ತರ, ಗೊತ್ತಾ?"

"ನಾನಾ?" ಅವನು ಹೊಟ್ಟೆ ಹಿಡಿದು ನಕ್ಕ. "ಆಗ ನನ್ನ ಹೆಸರು ಬೆಂಕಿಕಡ್ಡಿ ಕಣಮ್ಮ. ಮೈ ಕಡ್ಡಿ, ತಲೆ ಮಾತ್ರ ದಪ್ಪ. ಅಂಗಿ ಇಪ್ಪತ್ತೈದು ಇತ್ತು, ಹುಡುಗ ಇಪ್ಪತ್ತೊಂದೇ ಇದ್ದ. ಇಲ್ನೋಡು." ಅಂಗಿಯ ಅಂಚನ್ನು ಅವಳ ಮುಂದೆ ಹಿಡಿದ. ಒಂದರ ಮೇಲೊಂದು ನಾಲ್ಕು ಗೆರೆಗಳು. ಗೆರೆಗೂ ಗೆರೆಗೂ ನಡುವೆ ನೀಲಿ ಬೇರೆ ಬೇರೆಯಾಗಿ ಮಾಸಿತ್ತು. "ನಾಲ್ಕು ಮಡಿಕೆ ಹಾಕಿ ಕೊಟ್ಟಿದ್ರು. ಶಾಲೆ ಶುರುವಾಗೋ ಮುಂಚೆ ವರ್ಷಕ್ಕೊಂದು ಬಿಚ್ಚೋದು. ಇದೊಂದನ್ನೇ ಐದು ವರ್ಷ ಹಾಕಿದೀನಿ."

ಅವಳ ಕೈಬೆರಳು ಪುಟದ ಮೇಲೆ ನಿಂತಿತು. ಆದರೆ ಮನಸ್ಸು ತಾನು ಬರೆದದ್ದರ ಕಡೆಗೇ ಜಾರುತ್ತದೆ; ಮನುಷ್ಯನ ದೌರ್ಬಲ್ಯ ಅದು. ಕೆಳಗಿನ ಸಾಲನ್ನು ಊರುಗೋಲಿನಂತೆ ಹಿಡಿದುಕೊಂಡಳು.

"ಸರಿ, ನಿನ್ನದು ಹಾಗಿರಬಹುದು. ನಿಮ್ಮನೇದೇ ಇನ್ನೊಂದಿದೆಯಲ್ಲ, ಹುಡುಗಿ, ಆರು ವರ್ಷ, ಫ್ರಾಕು ಇಪ್ಪತ್ತಮೂರು. ಇದನ್ನಂತೂ ನಾನು ಪ್ರಬಂಧದಲ್ಲಿ ಉದಾಹರಣೆಗೇ ಕೊಟ್ಟಿದೀನಿ. ಒಳ್ಳೇ ಪುಷ್ಟಿಯ ಬೆಳವಣಿಗೆ ಅಂತ."

ರೈಟಣ್ಣ ನಗು ನಿಲ್ಲಿಸಿದ. ಯಂತ್ರವೂ ನಿಂತಿತು. ದರ್ಜಿ ತಲೆಯೆತ್ತಿ ಮಗಳ ಕಡೆ ನೋಡುತ್ತಿದ್ದರು.

"ಅದು ನನ್ನ ತಂಗಿ" ಎಂದ ಅವನು. "ಆ ಚಳಿಗಾಲದಲ್ಲೇ ಹೋದ್ಲು. ಬಂದಿದ್ದು ಸಣ್ಣ ಜ್ವರ. ತಡ್ಕೊಳೋಕೆ ಮೈಯಲ್ಲಿ ಏನೂ ಇಲ್ಲ ಅಂದ್ರು ಡಾಕ್ಟರು. ಆ ಫ್ರಾಕಿಗೆ ಮೂರು ಮಡಿಕೆ ಇತ್ತು. ಒಂದೂ ಬಿಚ್ಚಲಿಲ್ಲ. ಹಾಗೇ ಇದೆ ಅಮ್ಮನ ಹತ್ರ." ಸ್ವಲ್ಪ ಹೊತ್ತು ಅಂಗಿಯನ್ನು ಮಡಚುತ್ತ ನಿಂತು, ಮೆಲ್ಲಗೆ ಬೆಂಚಿನ ಮೇಲಿಟ್ಟು ಹೊರಟುಹೋದ. ಅಂದು ಅವನು ರೈಟ್ ರೈಟ್ ಎನ್ನಲಿಲ್ಲ.

ದರ್ಜಿಯ ಮಗಳು ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಈ ಪುಸ್ತಕದಲ್ಲಿರೋ ಅಳತೆ ಮೈಯದ್ದಾ, ಬಟ್ಟೇದಾ?"

"ದೊಡ್ಡೋರದು ಮೈಯದು. ಮಕ್ಕಳದು ಬಟ್ಟೇದು. ಕತ್ತರಿಗೆ ಬೇಕಾಗಿರೋದು ಬಟ್ಟೆ ಅಳತೆ ಅಲ್ವಾ? ಬೆಳೆಯೋ ಮಕ್ಕಳಿಗೆ ಸೇರಿಸಿಯೇ ಬರೆಯೋದು. ನಮ್ಮಪ್ಪನೂ ಹಾಗೇ ಬರೀತಿದ್ರು."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

ದರ್ಜಿ ಕೊರಳಿನ ಅಳತೆ ಪಟ್ಟಿಯನ್ನು ತೆಗೆದು ಸುತ್ತತೊಡಗಿದರು. "ನೀನು ಕೇಳಲೇ ಇಲ್ಲವಲ್ಲ ಮಗಳೇ. ಓದ್ತಾ ಇದ್ದೆ. ಓದೋರಿಗೆ ಎಲ್ಲ ಗೊತ್ತಿರುತ್ತೆ ಅಂದ್ಕೊಂಡೆ."

ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಗಿತ್ತು. ಏಳು ತಿಂಗಳು ಅವಳು ಪುಸ್ತಕ ಓದಿದ್ದು ಅದನ್ನು ಬರೆದ ಮನುಷ್ಯನಿಂದ ಆರು ಅಡಿ ದೂರದಲ್ಲಿ ಕುಳಿತು. "ಹಾಗಾದ್ರೆ ಎಷ್ಟು ಸೇರಿಸಿದ್ರಿ ಅಂತ ಈಗ ಹೇಗೆ ತಿಳಿಯೋದು?" ಎಂದು ಕೇಳಿದಳು.

"ಅದು ನನಗೆ ಬರೆದದ್ದು" ಎಂದಳು ಅತ್ತೆ.

ಇಬ್ಬರೂ ಅವಳ ಕಡೆ ತಿರುಗಿದರು. ಅತ್ತೆ ಕೈಯಲ್ಲಿದ್ದ ಕಾಜಾ ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿದು, ನಾಲ್ಕನೆಯ ಪುಸ್ತಕವನ್ನು ಕೊಡುವಂತೆ ಕೈಚಾಚಿದಳು. ಪುಟವನ್ನು ಮಗುಚಿ ಅದರ ಬೆನ್ನನ್ನು ಸವರಿದಳು. "ನನಗೆ ಅಂಕಿ ಬರಲ್ಲ. ಎಷ್ಟು ಇಂಚು ಮಡಚಬೇಕು ಅಂತ ತಿಳೀಬೇಕಲ್ಲ? ನಿಮ್ಮಪ್ಪ ಇಂಚಿಗೊಂದು ಚುಕ್ಕೆ ಒತ್ತಿಡ್ತಾನೆ. ಒತ್ತಿದ್ದು ಹಿಂದೆ ಉಬ್ಬುತ್ತೆ. ಇಲ್ಲಿ ನಾಲ್ಕು, ಇದು ರೈಟಣ್ಣಂದು. ಇಲ್ಲಿ ಮೂರು." ಬೆರಳು ಅಲ್ಲಿ ಒಂದು ಗಳಿಗೆ ತಂಗಿತು.

"ಆ ಚುಕ್ಕೆಗಳಿಗೆ ಅರ್ಥ ಇಲ್ಲ ಅಂತ ಬರೆದುಬಿಟ್ಟೆನಲ್ಲ ಅತ್ತೆ!"

"ಇಡೀ ಪುಸ್ತಕದಲ್ಲಿ ಈ ಅಕ್ಷರ ಬಾರದೋಳಿಗೆ ಅಂತ ಇದ್ದಿದ್ದು ಇಷ್ಟೇ ಕಣೇ ಪುಸ್ತಕದಮ್ಮ. ಅದನ್ನೇ ಅರ್ಥ ಇಲ್ಲ ಅಂತ ಬರೆದೆಯಾ?"

ಗದರಿಕೆಯಲ್ಲ ಅದು, ಅತ್ತೆ ನಗುತ್ತಲೇ ಹೇಳಿದ್ದಳು. ಆದರೂ ಆ ಮಾತು ಸೂಜಿಯಂತೆ ನೇರವಾಗಿ ಒಳಗಿಳಿಯಿತು. ಪೇರಿಸಿಟ್ಟ ಓದೆಲ್ಲ ಒಂದೇ ಏಟಿಗೆ ತಲೆಬಾಗುವ ಇಂಥ ಗಳಿಗೆಯನ್ನು ದೇವರು ತಾನು ಪ್ರೀತಿಸುವವರಿಗೆ ಮಾತ್ರ ಕರುಣಿಸುತ್ತಾನೆ. ಅದು ಕರುಣೆಯೆಂದು ಆ ಕ್ಷಣಕ್ಕೆ ತೋರುವುದಿಲ್ಲ, ಅಷ್ಟೆ.

ಮರುದಿನ ಬೆಳಿಗ್ಗೆಯೇ ಅವಳು ಮೇಷ್ಟ್ರ ಕೋಣೆಯಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಮೇಷ್ಟ್ರು ಬಹಳ ಹೊತ್ತು ಕನ್ನಡಕ ಒರೆಸಿದರು.

"ಇಂಥದು ಆಗುತ್ತಮ್ಮ. ಅಳತೆಗಳಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು ಅಂತ ಒಂದು ಅಡಿಟಿಪ್ಪಣಿ ಹಾಕಿ ಕೊಡು. ಸಂಶೋಧನೆಗೆ ಸೇರಿದ ಮೇಲೆ ನಿಧಾನಕ್ಕೆ ತಿದ್ದು."

"ಹಾಗೆ ಕೊಟ್ಟರೆ ಹಸಿದು ಸತ್ತ ಮಗು ಪುಷ್ಟಿಯಾಗಿತ್ತು ಅಂತ ನಾನೇ ಸಾಕ್ಷಿ ಹೇಳಿದ ಹಾಗೆ ಸರ್."

"ಹೆಸರು ಬಿಡು ಅಂತ ಮೊದಲೇ ಹೇಳಿದ್ದೆ."

"ಬಿಟ್ಟೆ ಸರ್. ಅದಕ್ಕೇ ತಪ್ಪಿದೆ."

ಮೇಷ್ಟ್ರ ಮುಖ ಕೆಂಪಾಯಿತು. "ಆಯ್ತು. ಚುಕ್ಕೆ ಅಂದರೆ ಇಂಚು ಅಂತ ನಿಮ್ಮತ್ತೆ ಇವತ್ತು ಹೇಳ್ತಾರೆ. ಅದಕ್ಕೆ ಆಧಾರ? ನೆನಪನ್ನು ನಂಬಬೇಡ ಅಂತ ಇದೇ ಪ್ರಬಂಧದಲ್ಲಿ ಬರೆದವಳು ನೀನು. ಆಧಾರ ತೋರಿಸು, ನಾಲ್ಕು ಸಾವಿರ ಸಾಲು ಮತ್ತೆ ಓದು, ಸರಾಸರಿ ಮತ್ತೆ ಹಾಕು, ಅರ್ಧ ಪ್ರಬಂಧ ಮತ್ತೆ ಬರಿ. ಹನ್ನೊಂದು ದಿನ ಇದೆ. ಕಚೇರಿ ಕಿಟಕಿ ಮುಚ್ಚಿದರೆ ನಾನು ತೆರೆಸೋಕೆ ಆಗಲ್ಲ. ಜಾಗ ಬೇರೆಯವರಿಗೆ ಹೋಗುತ್ತೆ."

"ಹೋದರೆ ಹೋಗಲಿ ಸರ್. ಸುಳ್ಳು ಅಳತೆಗೆ ಹೊಲಿದ ಅಂಗಿ ನನಗೆ ಬೇಡ."

ಹೀಗೆಂದು ಹೊರಟಳು. ಮನೆಗೆ ಬಂದಳು, ಮುಖ ತೊಳೆದಳು, ಅಪ್ಪ ಕತ್ತರಿಯನ್ನು ಒತ್ತಿಕೊಳ್ಳುವಂತೆ ಲೇಖನಿಯನ್ನು ಕಣ್ಣಿಗೊತ್ತಿಕೊಂಡಳು. "ದೇವರೇ, ನನ್ನ ಕೈಯಿಂದ ಯಾರ ಬದುಕೂ ಕೆಡದಿರಲಿ." ಆಮೇಲೆ ಹೋಗಿ ಅತ್ತೆಯ ಚಾಪೆಯ ಮೇಲೆ ಕುಳಿತಳು.

ಹತ್ತು ದಿನಗಳ ಆ ದುಡಿಮೆಯನ್ನು ಬೀದಿ ಈಗಲೂ ನೆನೆಯುತ್ತದೆ. ಪೆನ್ಸಿಲಿನ ಬರಹ ಹಲವು ಪುಟಗಳಲ್ಲಿ ಮಸುಕಾಗಿ, ಚುಕ್ಕೆಗಳು ಕಣ್ಣಿಗೆ ಕಾಣದಾಗಿದ್ದವು. ಬೆರಳಿಗೆ ಮಾತ್ರ ಸಿಗುತ್ತಿದ್ದವು. ಅದೂ ಎಲ್ಲರ ಬೆರಳಿಗಲ್ಲ. ಓದಿನ ಬೆರಳಿಗೆ ಪುಟ ನುಣ್ಣಗಿತ್ತು. ನಲವತ್ತು ವರ್ಷ ದಾರದ ಎಳೆಗಳನ್ನು ಎಣಿಸಿದ ಅತ್ತೆಯ ಬೆರಳು ಮಾತ್ರ ಪುಟದ ಬೆನ್ನಿನ ಮೇಲೆ ತಪ್ಪದೆ ಓದಿತು. "ಎರಡು... ಒಂದು... ಏನೂ ಇಲ್ಲ... ಎರಡು" ಎಂದು ಅವಳು ಹೇಳಿದ ಹಾಗೆ ಸೋದರಸೊಸೆ ಬರೆದುಕೊಂಡಳು.

"ಏನತ್ತೆ, ಈಗ ನೀವು ಓದ್ತೀರಿ, ನಾನು ಬರ್ಕೋತೀನಿ!"

"ನಾನು ಶಾಲೆಗೆ ಹೋಗಿದ್ರೆ ನಿಮ್ಮ ಮೇಷ್ಟ್ರ ಕೆಲಸ ಹೋಗ್ತಿತ್ತು. ಮೂರು. ಬರಿ, ಬಾಯಿ ನೋಡ್ಬೇಡ."

ಅತ್ತೆ ಬಿಟ್ಟ ಗುಂಡಿ, ಕಾಜಾಗಳ ರಾಶಿಯನ್ನು ದರ್ಜಿಯೇ ತಮ್ಮ ದಪ್ಪ ಕೈಯಿಂದ ಹಾಕುತ್ತ ಕುಳಿತರು. ಅವರು ಹಾಕಿದ ಮೊದಲ ಕಾಜಾವನ್ನು ನೋಡಿ ಅತ್ತೆ, "ಇಲಿ ಕಚ್ಚಿದ ಹಾಗಿದೆ ಕಣೋ, ಗಿರಾಕಿ ಬಂದ್ರೆ ಇಲಿಯದ್ದೇ ಕೆಲಸ ಅನ್ನು" ಎಂದಳು.

ಇನ್ನು ಆಧಾರ. ಮಡಿಕೆಯ ಗೆರೆ ಉಳಿದಿರುವ ಹಳೆಯ ಬಟ್ಟೆಗಳು ಸಿಕ್ಕರೆ ಪುಸ್ತಕದ ಚುಕ್ಕೆಗಳೊಡನೆ ಹೋಲಿಸಬಹುದಿತ್ತು. ಆದರೆ ಅದಕ್ಕೆ ಮೊದಲು ಮಾಡಬೇಕಾದ ಕೆಲಸವೊಂದಿತ್ತು. ಅವಳು ರೈಟಣ್ಣನ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ಅವನ ತಾಯಿಯ ಮುಂದೆ ತಾನು ಬರೆದದ್ದನ್ನು ಓದಿ ಹೇಳಿ ಕ್ಷಮೆ ಕೇಳಿದಳು. ಆ ತಾಯಿ ಒಳಗೆ ಹೋಗಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಫ್ರಾಕನ್ನು ತಂದು ಕೈಗಿಟ್ಟಳು.

"ಬಿಚ್ಚಬೇಡ" ಎಂದಳು. "ಅಳೆದು ತಂದ್ಕೊಡು."

ಅದನ್ನು ಕಂಡ ಮೇಲೆ ರೈಟಣ್ಣ ಸುಮ್ಮನಿರಲಿಲ್ಲ. ಬಸ್ಸಿನಲ್ಲಿ ನಿಲ್ದಾಣ ಕೂಗುವ ದನಿಯಲ್ಲೇ ಬೀದಿಯುದ್ದಕ್ಕೂ ಕೂಗಿದ: "ಗಿರಣಿ ನಿಂತ ವರ್ಷದ ಮಕ್ಕಳ ಬಟ್ಟೆ ಯಾರ್ಯಾರ ಹತ್ರ ಇದೆ? ಟೈಲರ್ ಅಂಗಡಿಗೆ ತನ್ನಿ! ಒಳಗೆ ಜಾಗ ಇದೆ, ರೈಟ್ ರೈಟ್!" ಪೆಟ್ಟಿಗೆಗಳು ತೆರೆದವು. ಒರೆಸುವ ಬಟ್ಟೆಯಾಗದೆ ಉಳಿದ ಹನ್ನೊಂದು ಅಂಗಿ ಫ್ರಾಕುಗಳು ಕತ್ತರಿಸುವ ಮೇಜಿನ ಮೇಲೆ ಬಂದು ಕುಳಿತವು. ತಂದವರು ಸುಮ್ಮನೆ ಕೊಟ್ಟು ಹೋಗುತ್ತಿರಲಿಲ್ಲ. ಆ ವರ್ಷ ಏನು ಉಂಡೆವು, ಏನು ಉಣ್ಣಲಿಲ್ಲ ಎಂದು ಹೇಳಿ ಹೋಗುತ್ತಿದ್ದರು. ದರ್ಜಿಯ ಮಗಳು ಈ ಸಲ ಹೆಸರನ್ನೂ ಬರೆದುಕೊಂಡಳು.

ಒಂಬತ್ತನೆಯ ದಿನ ಮಧ್ಯಾಹ್ನ ಅಂಗಡಿಯ ಮುಂದೆ ಛತ್ರಿಯೊಂದು ಮಡಚಿಕೊಂಡಿತು. ಮೇಷ್ಟ್ರು! ಮೂಲವನ್ನು ಕಣ್ಣಾರೆ ನೋಡದೆ ಸಹಿ ಹಾಕಬಾರದೆಂಬ ನಿಯಮವನ್ನು ಅವರು ಶಿಷ್ಯರಿಗೆ ಮೂವತ್ತು ವರ್ಷ ಬೋಧಿಸಿದ್ದರು. ಈ ಸಲ ತಾವೇ ಮುರಿಯಹೊರಟಿದ್ದೆವೆಂಬುದು ಅವರನ್ನು ಕಚ್ಚಿರಬೇಕು. ಗಿರಾಕಿಗಳ ಬೆಂಚಿನ ಮೇಲೆ ಕುಳಿತರು. ಪುಟದ ಮುಂಭಾಗವನ್ನು ತಮ್ಮ ಕಡೆಗೆ ಹಿಡಿದುಕೊಂಡು, ಬೆನ್ನನ್ನು ಅತ್ತೆಯ ಕಡೆಗೆ ಕೊಟ್ಟು, ಸಾಲಿನ ನಂತರ ಸಾಲನ್ನು ಪರೀಕ್ಷಿಸಿದರು. ಚುಕ್ಕೆ ಸ್ಪಷ್ಟವಾಗಿದ್ದ ಮೂವತ್ತು ಸಾಲುಗಳಲ್ಲಿ ಅತ್ತೆಯ ಬೆರಳು ಒಂದನ್ನೂ ತಪ್ಪಲಿಲ್ಲ.

ಆಮೇಲೆ ಬಟ್ಟೆಗಳ ಸರದಿ. ಒಂದೊಂದರ ಗೆರೆಗಳನ್ನೂ ಎಣಿಸಿ ಪುಸ್ತಕದೊಡನೆ ಹೋಲಿಸಿದರು. ಹತ್ತು ಸರಿಯಾಗಿ ಹೊಂದಿದವು. ಹನ್ನೊಂದನೆಯದರಲ್ಲಿ ಪುಸ್ತಕದ ಚುಕ್ಕೆ ಎರಡು, ಬಟ್ಟೆಯ ಗೆರೆ ಮೂರು. ಮೇಷ್ಟ್ರು ಹುಬ್ಬೇರಿಸಿದರು.

ಅತ್ತೆ ಆ ಅಂಗಿಯನ್ನು ಕಸಿದುಕೊಂಡು ಬೆಳಕಿಗೆ ಹಿಡಿದಳು. "ಈ ಎರಡು ನನ್ನದು. ಈ ಮೂರನೇದು ನನ್ನದಲ್ಲ. ಹೊಲಿಗೆ ನೋಡಿ, ಕುಡಿದೋನು ನಡೆದ ಹಾಗಿದೆ. ಯಾರೋ ತಮ್ಮನಿಗೆ ಹಾಕೋಕೆ ಮನೇಲಿ ಮತ್ತೆ ಮಡಚಿದಾರೆ."

ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಆ ಎರಡು ಬಗೆಯ ಹೊಲಿಗೆಗಳನ್ನು ಹತ್ತಿರದಿಂದ ನೋಡಿದರು. ಹಳೆಯ ಶಾಸನಗಳಲ್ಲಿ ಕೈಬರಹದ ಭೇದವನ್ನು ಹೀಗೆಯೇ ಹಿಡಿಯುವುದೆಂದು ಅವರೇ ತರಗತಿಯಲ್ಲಿ ಕಲಿಸುತ್ತಿದ್ದರು.

"ಎಲ್ಲಿಯವರೆಗೆ ಓದಿದ್ದೀರಿ ಅಮ್ಮ?"

"ಓದಿಲ್ಲ ಸ್ವಾಮಿ. ಮಡಚಿದೀನಿ."

ಮೇಷ್ಟ್ರು ಶಿಷ್ಯೆಯ ಕಡೆ ತಿರುಗಿದರು. "ಸರಾಸರಿ ಏನಾಯ್ತು?"

ಅವಳು ಹಾಳೆಯನ್ನು ಮುಂದಿಟ್ಟಳು. ಚುಕ್ಕೆಗಳನ್ನು ಕಳೆದ ಮೇಲೆ, ಗಿರಣಿ ನಿಂತ ಎರಡು ವರ್ಷಗಳಲ್ಲಿ ಅದೇ ವಯಸ್ಸಿನ ಮಕ್ಕಳು ಮುಂಚಿನವರಿಗಿಂತ ಅರ್ಧ ಅಂಗುಲ ಚಿಕ್ಕವರಾಗಿದ್ದರು. ಅದೇ ಎರಡು ವರ್ಷಗಳಲ್ಲಿ ಮಗುವಿಗೆ ಒಂದರಷ್ಟಿದ್ದ ಮಡಿಕೆಗಳು ಮೂರೂವರೆಗೆ ಏರಿದ್ದವು. ಹಿರಿಯರು ಹೇಳಿದ್ದು ನಿಜ. ಅವರು ಹೇಳದೆ ಬಿಟ್ಟದ್ದೊಂದು ಅದರ ಜೊತೆಗಿತ್ತು: ತಟ್ಟೆ ಖಾಲಿಯಾದಷ್ಟೂ ಆ ತಂದೆತಾಯಿಗಳು ಮಕ್ಕಳ ಅಂಚಿನಲ್ಲಿ ನಾಳೆಯನ್ನು ಹೆಚ್ಚು ಹೆಚ್ಚಾಗಿ ಮಡಚಿಟ್ಟಿದ್ದರು. ಈ ವರ್ಷ ಹೇಗೋ, ಮುಂದಿನ ವರ್ಷಕ್ಕೊಂದು ಅಂಗುಲ, ಅದರ ಮುಂದಿನ ವರ್ಷಕ್ಕೆ ಇನ್ನೊಂದು. ಇದನ್ನು ಪ್ರಾರ್ಥನೆಯೆನ್ನದೆ ಬೇರೇನೆಂದು ಕರೆಯೋಣ?

"ಒಂಬತ್ತನೇ ಪುಸ್ತಕ ಓದೋಕೆ ದಿನ ಸಾಲಲಿಲ್ಲ ಸರ್. ಸಾಲಲಿಲ್ಲ ಅಂತಲೇ ಬರೆದಿದೀನಿ."

"ಬರೆದದ್ದು ಒಳ್ಳೇದಾಯ್ತು." ಮೇಷ್ಟ್ರು ಹನ್ನೊಂದನೆಯ ಪುಟವನ್ನು ತಿರುವಿದರು. ಅಡಿಟಿಪ್ಪಣಿ ಬದಲಾಗಿತ್ತು: "ಅಂಕಿಗಳ ಪಕ್ಕದ ಚುಕ್ಕೆಗಳು ಅಂಚು ಮಡಚುವವರಿಗೆ ಬರೆದವು. ಅವನ್ನು ಈ ಪ್ರಬಂಧಕ್ಕಾಗಿ ಓದಿದವರು ಲೇಖಕಿಯ ಸೋದರತ್ತೆ." ಜೇಬಿನಿಂದ ಲೇಖನಿ ತೆಗೆದು, ಕತ್ತರಿಸುವ ಮೇಜಿನ ಮೇಲೆಯೇ ಸಹಿ ಹಾಕಿದರು. ಹೊರಡುವಾಗ ಛತ್ರಿ ಬಿಡಿಸುತ್ತ, "ಹೆಸರು ಬಿಡು ಅಂದಿದ್ದೆ ನೋಡು, ಅದನ್ನು ಇನ್ನು ಮುಂದೆ ಯಾರಿಗೂ ಹೇಳಲ್ಲ" ಎಂದರು. ಕಟ್ಟುನಿಟ್ಟಿನ ಮನುಷ್ಯರ ಬಾಯಿಂದ ಅಷ್ಟು ಬಂದರೆ ಬೆಟ್ಟ ಬಾಗಿದ ಹಾಗೆ.

ಕೊನೆಯ ದಿನ ಹನ್ನೊಂದು ಗಂಟೆಗೆ ಕಚೇರಿಯ ಕಿಟಕಿಯಲ್ಲಿ ಗುಮಾಸ್ತ ಪ್ರಬಂಧದ ಮೇಲೆ ಮೊಹರು ಒತ್ತಿದ. ಎರಡು ಜಾಗಗಳಲ್ಲಿ ಎರಡನೆಯದು ಅವಳಿಗೆ ದೊರೆಯಿತು. ಮೊದಲನೆಯದು ಕೋಟೆಯೊಂದಕ್ಕೆ ಹೋಯಿತು.

ಅಂದು ಸಂಜೆ ಅವಳು ಫ್ರಾಕನ್ನು ಮೊದಲಿನಂತೆಯೇ ಬಿಳಿ ಬಟ್ಟೆಯಲ್ಲಿ ಸುತ್ತಿ ರೈಟಣ್ಣನ ಮನೆಗೆ ಹಿಂದಿರುಗಿಸಲು ಹೊರಟಿದ್ದಳು. ಅಷ್ಟರಲ್ಲಿ ಅವನ ತಾಯಿಯೇ ಅಂಗಡಿಯ ಮೆಟ್ಟಿಲೇರಿ ಬಂದಳು. ಗಂಟನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತು ಕೇಳಿದಳು:

"ಏನು ಬರೆದೆ ತಾಯಿ? ಓದು."

ದರ್ಜಿಯ ಮಗಳು ಓದಿದಳು. ಮೊದಲು ಮಗುವಿನ ಹೆಸರು. ಆಮೇಲೆ: ಆರು ವರ್ಷ. ಉದ್ದ ಇಪ್ಪತ್ತು ಅಂಗುಲ. ಮೂರು ಮಡಿಕೆ. ಬಿಚ್ಚಿಲ್ಲ.

ಆ ತಾಯಿ ಕಣ್ಣು ಮುಚ್ಚಿಕೊಂಡು ಕೇಳಿದಳು. ತುಟಿ ಏನನ್ನೋ ಎಣಿಸುವಂತೆ ಅಲುಗಿತು. "ಹೌದು" ಎಂದಳು. "ಅಷ್ಟೇ ಇದ್ಲು."

ಅವಳು ಹೋದ ಮೇಲೆ ದರ್ಜಿ ಹಲಗೆಯಿಂದ ಹೊಸದೊಂದು ಪುಸ್ತಕವನ್ನು ಇಳಿಸಿದರು, ಹತ್ತನೆಯದು. ಮೊದಲ ಪುಟದಲ್ಲಿ ಗೆರೆ ಎಳೆದು ಒಂದಿದ್ದ ಕಡೆ ಎರಡು ಮನೆ ಮಾಡಿದರು. ಒಂದರ ಮೇಲೆ ಮೈ ಎಂದೂ, ಇನ್ನೊಂದರ ಮೇಲೆ ಬಟ್ಟೆ ಎಂದೂ ಬರೆದರು.

"ಚುಕ್ಕೆ?" ಎಂದಳು ಅತ್ತೆ ಕಿಟಕಿಯ ಕಡೆಯಿಂದ.

"ಅದೂ ಇರುತ್ತೆ ಅಕ್ಕ."

"ಇರ್ಲಿ. ನಾಳೆ ಇನ್ಯಾವಳಾದ್ರೂ ಪುಸ್ತಕದಮ್ಮ ಬಂದ್ರೆ ಬೇಕಾಗುತ್ತೆ." ಅತ್ತೆ ದಾರ ಪೋಣಿಸಿದ ಸೂಜಿಯೊಂದನ್ನು ಸೊಸೆಯ ಕಡೆಗೆ ಚಾಚಿದಳು. "ಬಾ ಇಲ್ಲಿ. ನಿನ್ನ ಇತಿಹಾಸದಿಂದ ಹತ್ತು ದಿನದ ಗುಂಡಿ ಬಾಕಿ ಬಿದ್ದಿದೆ. ನಿಮ್ಮಪ್ಪ ಹಾಕಿದ ಕಾಜಾ ಎಲ್ಲ ಬಿಚ್ಚಿ ಮತ್ತೆ ಹಾಕ್ಬೇಕು."

ದರ್ಜಿಯ ಮಗಳು ಚಾಪೆಯ ಮೇಲೆ ಕುಳಿತು ಸೂಜಿ ಹಿಡಿದಳು. "ಅತ್ತೆ, ನೀವು ಈ ಬೀದೀಲಿ ಮೊದಲು ಮಡಚಿದ ಅಂಗಿ ಯಾರದು?"

"ಅದು ದೊಡ್ಡ ಕಥೆ. ಕೈ ನಿಲ್ಲಿಸದೆ ಕೇಳೋ ಹಾಗಿದ್ರೆ ಹೇಳ್ತೀನಿ."

ಅವಳು ಕೈ ನಿಲ್ಲಿಸಲಿಲ್ಲ. ಅತ್ತೆ ಹೇಳತೊಡಗಿದಳು.